ಕಾರಾಗೃಹದಿಂದ ಮನೆಗೆ ಬಂದವರ ಮಾನಸಿಕ ಆರೈಕೆ

ಆಸ್ಪತ್ರೆಯಿಂದ ರೋಗಿ ಮನೆಗೆ ಹೊರಡುವಾಗ ಕೈಗೆ ಒಂದು ಬಿಡುಗಡೆ ಚೀಟಿ ಸಿಗುತ್ತದೆ. ಯಾವ ಕಾಯಿಲೆ, ಯಾವ ಮಾತ್ರೆ, ದಿನಕ್ಕೆ ಎಷ್ಟು ಸಲ, ಮತ್ತೆ ಯಾವಾಗ ಬರಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಹೊರಡುವ ಮುನ್ನ ಶುಶ್ರೂಷಕಿಯರು ಮನೆಯವರನ್ನು ಕೂರಿಸಿಕೊಂಡು ಎರಡು ಮಾತು ಹೇಳುತ್ತಾರೆ. ಕಾರಾಗೃಹದಿಂದ ಮನೆಗೆ ಬರುವವರ ವಿಷಯದಲ್ಲಿ ಬಹಳ ಸಲ ಹೀಗಾಗುವುದಿಲ್ಲ. ಒಳಗಿದ್ದಾಗ ಮನೋರೋಗಕ್ಕೆ ದಿನವೂ ಮಾತ್ರೆ ತೆಗೆದುಕೊಳ್ಳುತ್ತಿದ್ದವರಿಗೆ ಹೊರಗೆ ಬಂದ ದಿನವೇ ಮಾತ್ರೆ ನಿಂತುಹೋಗುತ್ತದೆ. ಮನೆಯವರಿಗೆ ಆ ಮಾತ್ರೆಯ ಹೆಸರೂ ಗೊತ್ತಿರುವುದಿಲ್ಲ. ಈ ಲೇಖನ ಅಂಥ ಮನೆಯವರಿಗಾಗಿ.

ನಮ್ಮ ಹೊರರೋಗಿ ವಿಭಾಗಕ್ಕೂ ಇಂಥವರು ಬರುತ್ತಾರೆ. ಆದರೆ ಹೇಳಿಕೊಳ್ಳಲು ಸಂಕೋಚ. 'ಇಷ್ಟು ದಿನ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ', 'ಮಾವನ ಮನೆಗೆ ಹೋಗಿದ್ದ' ಎನ್ನುತ್ತಾರೆ. ಮರ್ಯಾದೆಯ ಪ್ರಶ್ನೆ ಎಂಬುದು ನಮಗೂ ಅರ್ಥವಾಗುತ್ತದೆ. ಆದರೂ ವೈದ್ಯರ ಹತ್ತಿರ ಮಾತ್ರ ನಿಜ ಹೇಳಿ ಎಂದು ಕೇಳಿಕೊಳ್ಳುತ್ತೇನೆ. ಯಾವ ಮೊಕದ್ದಮೆ, ಯಾರ ತಪ್ಪು ಎಂಬುದು ನಮಗೆ ಬೇಡ. ಎಷ್ಟು ತಿಂಗಳು ಒಳಗಿದ್ದರು, ಅಲ್ಲಿ ಯಾವ ಔಷಧ ಕೊಡುತ್ತಿದ್ದರು, ಯಾವತ್ತಿನಿಂದ ನಿಂತಿದೆ ಎಂಬುದು ಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ರೋಗಿಯ ಮಾಹಿತಿಯನ್ನು ಗುಟ್ಟಾಗಿ ಇಡುವುದು ಚಿಕಿತ್ಸೆ ಕೊಡುವವರ ಕರ್ತವ್ಯ. ನೀವು ಹೇಳಿದ್ದು ಪಕ್ಕದ ಹಾಸಿಗೆಯವರಿಗೆ ತಿಳಿಯುವುದಿಲ್ಲ.

ಇದು ಎಷ್ಟು ಜನರ ತೊಂದರೆ?

ನಿಮ್ಮ ಮನೆಯೊಂದರಲ್ಲೇ ಹೀಗಾಗಿದೆ ಎಂದು ಕುಗ್ಗಬೇಡಿ. ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ವೈದ್ಯರು ಐದು ಸಾವಿರಕ್ಕೂ ಹೆಚ್ಚು ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಮನೋರೋಗ ಮತ್ತು ಮಾದಕ ವಸ್ತುಗಳ ಚಟ ಎರಡನ್ನೂ ಸೇರಿಸಿದರೆ ಶೇಕಡಾ 79.6 ಮಂದಿಗೆ ತೊಂದರೆ ಇತ್ತು. ಚಟವನ್ನು ಬಿಟ್ಟು ಲೆಕ್ಕ ಹಾಕಿದಾಗಲೂ ಶೇಕಡಾ 27.6 ಮಂದಿಗೆ ಒಂದಲ್ಲ ಒಂದು ಮನೋರೋಗವಿತ್ತು. ಎಂದರೆ ನಾಲ್ಕು ಜನರಲ್ಲಿ ಒಬ್ಬರಿಗಿಂತ ಹೆಚ್ಚು.

ಇವರಲ್ಲಿ ಮೂರು ಬಗೆಯವರು ಸಿಗುತ್ತಾರೆ. ಕೆಲವರಿಗೆ ಮೊದಲೇ ಕಾಯಿಲೆ ಇರುತ್ತದೆ. ಚಿಕಿತ್ಸೆ ಇಲ್ಲದೆ ಅದು ಉಲ್ಬಣಿಸಿ, ಯಾರೊಂದಿಗೋ ಹೊಡೆದಾಡಿ, ಪೊಲೀಸರ ಕೈಗೆ ಸಿಕ್ಕಿರುತ್ತಾರೆ. ಕೆಲವರಿಗೆ ಒಳಗೆ ಹೋದ ಮೇಲೆ, ಬಂಧನ, ಅವಮಾನ, ಮನೆಯ ಚಿಂತೆ ಇವುಗಳಿಂದ ಖಿನ್ನತೆ ಬರುತ್ತದೆ. ಇನ್ನು ಕೆಲವರು ಕುಡಿತ, ಗಾಂಜಾ ಮುಂತಾದವುಗಳಿಗೆ ಅಂಟಿಕೊಂಡವರು. ಮೂರೂ ಒಬ್ಬರಲ್ಲೇ ಕೂಡಿರುವುದೂ ಉಂಟು. 'ಜೈಲಿಗೆ ಹೋಗಿ ಹುಚ್ಚು ಹಿಡಿಯಿತು' ಎಂದು ಊರವರು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ವೈದ್ಯರಿಗೆ ಆ ಮಾತು ಸಾಲದು. ಕಾಯಿಲೆ ಯಾವಾಗ ಶುರುವಾಯಿತು ಎಂಬುದರ ಮೇಲೆ ಚಿಕಿತ್ಸೆ ನಿಂತಿರುತ್ತದೆ.

ಔಷಧದ ಕೊಂಡಿ ಎಲ್ಲಿ ಕಳಚುತ್ತದೆ?

ಜೈಲಿನಲ್ಲಿರುವವರೆಲ್ಲ ಶಿಕ್ಷೆಯಾದವರು ಎಂದು ಬಹಳ ಜನ ತಿಳಿದಿದ್ದಾರೆ. ದೇಶದ ಬಂದಿಗಳಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು, ಅಂದರೆ ಮೊಕದ್ದಮೆ ಇನ್ನೂ ತೀರ್ಮಾನವಾಗದವರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ನೇ ವರ್ಷಕ್ಕೆ ಕೊಟ್ಟ ಅಂಕಿಅಂಶ ಹೇಳುತ್ತದೆ. ಶಿಕ್ಷೆ ಮುಗಿಸಿ ಬರುವವರಿಗೆ ಬಿಡುಗಡೆಯ ದಿನ ಮೊದಲೇ ಗೊತ್ತಿರುತ್ತದೆ, ತಯಾರಿ ಮಾಡಿಕೊಳ್ಳಬಹುದು. ವಿಚಾರಣಾಧೀನರಿಗೆ ಹಾಗಿಲ್ಲ. ಜಾಮೀನು ಇವತ್ತು ಸಿಗಬಹುದು, ಮುಂದಿನ ತಿಂಗಳು ಸಿಗಬಹುದು. ಸಿಕ್ಕ ಮೇಲೆ ಜಾಮೀನುದಾರರು, ಪಹಣಿ, ಠಸ್ಸೆ ಎಂದು ಓಡಾಡಿ, ಆದೇಶ ಜೈಲಿಗೆ ತಲುಪಿ, ಸಂಜೆ ಹೊತ್ತಿಗೆ ಗೇಟು ತೆರೆಯುತ್ತದೆ. ಆ ಹೊತ್ತಿನಲ್ಲಿ ಯಾರಿಗೂ ಜೈಲು ಆಸ್ಪತ್ರೆಯ ಕಡತ ನೆನಪಾಗುವುದಿಲ್ಲ. ಮನೆಯವರಿಗೆ ಕೊನೆಯ ಬಸ್ಸಿನ ಚಿಂತೆ.

ನನಗೆ ನೆನಪಿರುವ ಒಬ್ಬ ತಾಯಿ ಸೆರಗಿನ ಗಂಟಿನಲ್ಲಿ ಮಾತ್ರೆಯ ಪಟ್ಟಿಯ ಒಂದು ತುಂಡು ಕಟ್ಟಿಕೊಂಡು ಬಂದಿದ್ದರು. ಹೆಸರಿದ್ದ ಭಾಗ ಕತ್ತರಿಸಿ ಹೋಗಿತ್ತು. ಉಳಿದದ್ದು ನಾಲ್ಕು ಬಿಳಿ ಮಾತ್ರೆ. ಮಗ ಹೊರಗೆ ಬಂದು 16 ದಿನವಾಗಿತ್ತು, ಆರು ರಾತ್ರಿಯಿಂದ ನಿದ್ದೆ ಇರಲಿಲ್ಲ. ಬಿಳಿ ಮಾತ್ರೆ ನೋಡಿ ಔಷಧ ಯಾವುದೆಂದು ಯಾವ ವೈದ್ಯರೂ ಹೇಳಲಾರರು. ಚಿಕಿತ್ಸೆಯನ್ನು ಹೊಸದಾಗಿ ಶುರು ಮಾಡಬೇಕಾಯಿತು. ಒಳಗೆ ಎರಡು ವರ್ಷ ವೈದ್ಯರು ನೋಡಿ, ಬದಲಿಸಿ, ಹೊಂದಿಸಿದ ಔಷಧದ ಅನುಭವವೆಲ್ಲ ಆ ಕತ್ತರಿಸಿದ ಪಟ್ಟಿಯ ಜೊತೆ ಹೋದಂತಾಯಿತು. ಆ ತಾಯಿಯದು ಇದರಲ್ಲಿ ಏನೂ ತಪ್ಪಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ.

ಕೇಳುವ ಹಕ್ಕು ನಿಮಗಿದೆ

ಇದೇ ಬಹಳ ಜನರಿಗೆ ತಿಳಿಯದ ಸಂಗತಿ. 2017ರ ಕಾಯಿದೆಯ ಕೆಳಗೆ 2018ರಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನು ಹೊರಡಿಸಿತು. ಕಾರಾಗೃಹಗಳಲ್ಲಿ ಮಾನಸಿಕ ಆರೋಗ್ಯ ಸೇವೆ ಕನಿಷ್ಠ ಹೇಗಿರಬೇಕು ಎಂಬ ಪಟ್ಟಿ ಅದರಲ್ಲಿದೆ. ಬಿಡುಗಡೆಯ ನಂತರದ ಆರೈಕೆಗೆ ವಿಶೇಷ ಗಮನ ಕೊಡಬೇಕೆಂದು ಆ ಪಟ್ಟಿ ಹೇಳುತ್ತದೆ. ಬಿಡುಗಡೆಯಾದ ಮೇಲೂ ಔಷಧ ಸಿಗುವಂತೆ ಮಾಡುವುದು, ಮನೆಯವರಿಗೆ ತಿಳಿವಳಿಕೆ ಕೊಡುವುದು, ಚಿಕಿತ್ಸೆ ತಪ್ಪದಂತೆ ನೋಡುವುದು, ಉದ್ಯೋಗದ ಏರ್ಪಾಡು, ಮನೆಯವರಿಲ್ಲದವರಿಗೆ ಆಶ್ರಯ, ಇಷ್ಟೂ ಅದರಲ್ಲಿ ಸೇರಿವೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ, ನೆಲ್ಸನ್ ಮಂಡೇಲಾ ಅವರ ಹೆಸರಿನ ನಿಯಮಗಳೂ ಇದೇ ಮಾತು ಹೇಳುತ್ತವೆ.

ಕಾಗದದ ಮೇಲೆ ಇಷ್ಟು ಒಳ್ಳೆಯ ಮಾತು ಇದ್ದು ಗೇಟಿನ ಹತ್ತಿರ ಅದು ಕಾಣುವುದಿಲ್ಲ ಎಂದರೆ, ಕಾರಣ ಕೆಟ್ಟತನ ಎಂದು ನಾನು ಹೇಳಲಾರೆ. ಜೈಲಿನ ವೈದ್ಯರು ಒಂದು ಇಲಾಖೆಯ ಕಟ್ಟಡದಲ್ಲಿ, ಜಿಲ್ಲಾ ಮಾನಸಿಕ ಆರೋಗ್ಯ ತಂಡ ಇನ್ನೊಂದು ಇಲಾಖೆಯಲ್ಲಿ, ನ್ಯಾಯಾಲಯ ಮೂರನೆಯ ಕಡೆ. ರೋಗಿಯನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಒಪ್ಪಿಸುವುದು ಯಾರ ಕೆಲಸ ಎಂಬುದು ತೀರ್ಮಾನವಾಗಬೇಕು. ನಮ್ಮ ವಾರ್ಡಿನಲ್ಲಿ ಪಾಳಿ ಬದಲಾಗುವಾಗ ಒಬ್ಬ ಶುಶ್ರೂಷಕಿ ಇನ್ನೊಬ್ಬಳಿಗೆ ಹಾಸಿಗೆಯ ಪಕ್ಕದಲ್ಲಿ ನಿಂತು ರೋಗಿಯನ್ನು ಒಪ್ಪಿಸದೆ ಮನೆಗೆ ಹೋಗುವುದಿಲ್ಲ. ಅಷ್ಟೇ ಸರಳವಾದ ಏರ್ಪಾಡು ಇಲ್ಲಿಯೂ ಬೇಕು. ಬಿಡುಗಡೆಯಾಗುವವರ ಹೆಸರು, ತಾಲ್ಲೂಕು, ಔಷಧ ಇವನ್ನು ಜೈಲು ಆಸ್ಪತ್ರೆಯವರು ಜಿಲ್ಲಾ ತಂಡಕ್ಕೆ ತಿಳಿಸುವುದು, ಕೈಯಲ್ಲಿ ಕೆಲವು ದಿನದ ಮಾತ್ರೆ ಕೊಡುವುದು, ತಾಲ್ಲೂಕಿನಲ್ಲಿ ಒಬ್ಬರು ಹುಡುಕಿಕೊಂಡು ಹೋಗಿ ಮಾತನಾಡಿಸುವುದು. ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ.

ಅಲ್ಲಿಯವರೆಗೆ ಮನೆಯವರೇ ಈ ಕೊಂಡಿ ಹಿಡಿದುಕೊಳ್ಳಬೇಕು. ಜಾಮೀನಿಗೆ ಅರ್ಜಿ ಹಾಕಿದ ದಿನವೇ ಇದನ್ನೂ ಶುರು ಮಾಡಿ. ಭೇಟಿಗೆ ಹೋದಾಗ ಒಳಗಿರುವವರನ್ನೇ ಕೇಳಿ: ಯಾವ ಮಾತ್ರೆ, ಎಷ್ಟು, ಚುಚ್ಚುಮದ್ದು ಕೊಡುತ್ತಾರೆಯೇ, ಕೊನೆಯದು ಯಾವಾಗ. ಉತ್ತರವನ್ನು ಬರೆದಿಟ್ಟುಕೊಳ್ಳಿ. ನಂತರ ಕಾರಾಗೃಹದ ಅಧೀಕ್ಷಕರಿಗೆ ಒಂದು ಅರ್ಜಿ ಬರೆದು, ಬಿಡುಗಡೆಯ ಸಮಯದಲ್ಲಿ ವೈದ್ಯಕೀಯ ಸಾರಾಂಶ ಮತ್ತು ಮಾತ್ರೆ ಕೊಡಬೇಕೆಂದು ಕೇಳಿ. ಅರ್ಜಿಯ ಒಂದು ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ತಮ್ಮ ವೈದ್ಯಕೀಯ ದಾಖಲೆ ಪಡೆಯುವುದು ರೋಗಿಯ ಹಕ್ಕು ಎಂದು 2017ರ ಕಾಯಿದೆಯಲ್ಲೇ ಇದೆ. ರೋಗಿ ತನ್ನ ಪರವಾಗಿ ಒಬ್ಬರನ್ನು ನಾಮನಿರ್ದೇಶಿತ ಪ್ರತಿನಿಧಿ ಎಂದು ಬರೆದುಕೊಡಬಹುದು. ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು.

ಓದುಬರಹ ಬಾರದು, ವಕೀಲರಿಗೆ ಕೊಡಲು ಹಣವಿಲ್ಲ ಎಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಪ್ರತಿ ಜಿಲ್ಲೆಯ ನ್ಯಾಯಾಲಯದ ಆವರಣದಲ್ಲೇ ಕೇಳಿದರೆ ತೋರಿಸುತ್ತಾರೆ. ಬಂಧನದಲ್ಲಿರುವವರಿಗೆ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ, 15100 ಎಂಬ ದೂರವಾಣಿಯೂ ಇದೆ. ಜಾಮೀನು ಸಿಕ್ಕಿಯೂ ಜಾಮೀನುದಾರರಿಲ್ಲದೆ ಒಳಗೇ ಉಳಿದವರಿಗಾಗಿ ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ನಿರ್ದೇಶನ ಕೊಟ್ಟಿದೆ. ಅದರಂತೆ ಜಾಮೀನು ಸಿಕ್ಕು 7 ದಿನವಾದರೂ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಈ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ನೀವೂ ಹೋಗಿ ನೆನಪಿಸಿ.

ಮೊದಲ ಎರಡು ವಾರ

ಹೊರಗೆ ಬಂದ ಸಂತೋಷದಲ್ಲಿ ಎಲ್ಲ ಸರಿಹೋಯಿತು ಎಂದು ಅನ್ನಿಸುವುದು ಸಹಜ. ಆದರೆ ಅತ್ಯಂತ ಎಚ್ಚರ ಬೇಕಾದ ಕಾಲ ಇದೇ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಹೊರಬಂದ 30 ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ತೆಗೆದು 2007ರಲ್ಲಿ ಪ್ರಕಟಿಸಿದರು. ಮೊದಲ ಎರಡು ವಾರಗಳಲ್ಲಿ ಅವರು ಸಾಯುವ ಅಪಾಯ ಅದೇ ರಾಜ್ಯದ ಇತರ ಜನರಿಗಿಂತ 12.7 ಪಟ್ಟು ಹೆಚ್ಚಾಗಿತ್ತು. ಮುಖ್ಯ ಕಾರಣ ಮಾದಕ ವಸ್ತುಗಳ ಅತಿ ಸೇವನೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ, ಬಿಡುಗಡೆಯಾದ ಒಂದು ವರ್ಷದೊಳಗೆ ಆದ 382 ಆತ್ಮಹತ್ಯೆಗಳಲ್ಲಿ 79 ಮೊದಲ 28 ದಿನಗಳಲ್ಲೇ ಆಗಿದ್ದವು. ಆ ದೇಶ ಬೇರೆ, ಅಲ್ಲಿನ ಚಟವೂ ಬೇರೆ. ಆದರೆ ಕಾರಣಗಳು ನಮ್ಮ ಮನೆಗಳಿಗೂ ಹೊಂದುತ್ತವೆ.

ಒಂದು ಕಾರಣ ದೇಹದ್ದು. ತಿಂಗಳುಗಟ್ಟಲೆ ಕುಡಿಯದೆ, ಮಾದಕ ವಸ್ತು ಮುಟ್ಟದೆ ಇದ್ದಾಗ ದೇಹದ ತಾಳಿಕೊಳ್ಳುವ ಶಕ್ತಿ ಇಳಿದಿರುತ್ತದೆ. ಹೊರಗೆ ಬಂದ ದಿನ ಗೆಳೆಯರು ಕರೆದುಕೊಂಡು ಹೋಗಿ ಹಳೆಯ ಅಳತೆಯಲ್ಲೇ ಕುಡಿಸುತ್ತಾರೆ. ಹಿಂದೆ ತಡೆದುಕೊಂಡಿದ್ದ ಪ್ರಮಾಣವೇ ಈಗ ಜೀವಕ್ಕೆ ಎರವಾಗಬಹುದು. ಅದರ ಜೊತೆ ನಿದ್ದೆ ಮಾತ್ರೆಯೂ ಸೇರಿದರೆ ಉಸಿರಾಟವೇ ನಿಧಾನವಾಗುತ್ತದೆ. ಸ್ವಾಗತದ ಪಾರ್ಟಿ ಬೇಡವೇ ಬೇಡ. ಕುಡಿತ ಬಿಡಿಸುತ್ತೇವೆಂದು ಪುಡಿಯನ್ನೋ ಮಾತ್ರೆಯನ್ನೋ ಸಾರಿನಲ್ಲಿ ಕದ್ದು ಬೆರೆಸಬೇಡಿ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇಂಥ ಕೆಲವು ಪುಡಿಗಳಲ್ಲಿ ಡೈಸಲ್ಫಿರಮ್ ಇರುತ್ತದೆ. ಅದು ಹೊಟ್ಟೆಯಲ್ಲಿದ್ದಾಗ ತಿಳಿಯದೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗುತ್ತದೆ.

ಇನ್ನೊಂದು ಕಾರಣ ಔಷಧ ಥಟ್ಟನೆ ನಿಲ್ಲುವುದು. ಸ್ಕಿಜೋಫ್ರೇನಿಯಾ ಇದ್ದವರಿಗೆ ಮಾತ್ರೆ ನಿಂತ ಮರುದಿನವೇ ಏನೂ ಆಗುವುದಿಲ್ಲ. ಕೆಲವರಿಗೆ ಮೈ ಹಗುರವಾದಂತೆ, ಮಂಪರು ಹೋದಂತೆಯೂ ಅನ್ನಿಸುತ್ತದೆ. ಅದಕ್ಕೇ 'ಮಾತ್ರೆ ಇಲ್ಲದೆ ಚೆನ್ನಾಗಿದ್ದಾನೆ' ಎಂದು ಮನೆಯವರು ಮೋಸ ಹೋಗುತ್ತಾರೆ. ವಾರಗಳು ಕಳೆದ ಮೇಲೆ ನಿದ್ದೆ ಕೆಡುತ್ತದೆ, ಅನುಮಾನ ಶುರುವಾಗುತ್ತದೆ, ಒಬ್ಬರೇ ಮಾತನಾಡಿಕೊಳ್ಳುತ್ತಾರೆ. ಕ್ಲೋಜಪಿನ್ ಎಂಬ ಮಾತ್ರೆ ಎರಡು ದಿನಕ್ಕಿಂತ ಹೆಚ್ಚು ತಪ್ಪಿದರೆ ಮತ್ತೆ ಹಳೆಯ ಪ್ರಮಾಣದಲ್ಲಿ ನುಂಗಿಸಬಾರದು. ವೈದ್ಯರು ಸಣ್ಣ ಪ್ರಮಾಣದಿಂದ ಏರಿಸುತ್ತಾ ಬರಬೇಕು. ಲಿಥಿಯಂ ತೆಗೆದುಕೊಳ್ಳುವವರು ಬಿಸಿಲಿನಲ್ಲಿ ದುಡಿದು ನೀರು ಕುಡಿಯದಿದ್ದರೆ ಅದು ರಕ್ತದಲ್ಲಿ ಹೆಚ್ಚಾಗಿ ವಿಷವಾಗುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ನಡಿಗೆ ತೂರಾಡುವುದು ಕಂಡರೆ ಆ ದಿನವೇ ಆಸ್ಪತ್ರೆಗೆ ಬನ್ನಿ. ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಚುಚ್ಚುಮದ್ದು ಪಡೆಯುವವರಿಗೆ ಮುಂದಿನ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಮೂರ್ಛೆರೋಗದ ಮಾತ್ರೆಯನ್ನಂತೂ ಒಂದು ದಿನವೂ ತಪ್ಪಿಸಬಾರದು.

ಮೂರನೆಯದು ಮನಸ್ಸಿನದು. ಒಳಗೆ ಇದ್ದಾಗ ಮನೆಯ ನೆನಪೇ ಆಸರೆ. ಬಂದು ನೋಡಿದರೆ ಸಾಲ ಬೆಳೆದಿರುತ್ತದೆ, ಹೆಂಡತಿ ತವರಿಗೆ ಹೋಗಿರುತ್ತಾಳೆ, ಮಕ್ಕಳು ಹತ್ತಿರ ಬರಲು ಹೆದರುತ್ತಾರೆ, ಚಹಾದಂಗಡಿಯಲ್ಲಿ ಮಾತು ನಿಲ್ಲುತ್ತದೆ. 'ನಾನು ಬರಲೇಬಾರದಿತ್ತು' ಎಂಬ ಮಾತು ಬಾಯಿಂದ ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ರೈತರ ಮನೆಯಾದರೆ ಬೆಳೆಗೆ ಹೊಡೆಯುವ ಔಷಧವನ್ನು ಆ ದಿನಗಳಲ್ಲಿ ಮನೆಯಿಂದಲೇ ಹೊರಗಿಡಿ, ಇಲ್ಲವೇ ಬೀಗ ಹಾಕಿ ಕೀಲಿಯನ್ನು ಬೇರೆಯವರ ಹತ್ತಿರ ಇಡಿ. ಆ ಒಂದು ಗಳಿಗೆ ಕೈಗೆ ವಿಷ ಸಿಗದಿದ್ದುದರಿಂದಲೇ ಬದುಕಿ ಉಳಿದವರು ಬಹಳ ಮಂದಿ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ 2017ರ ಕಾಯಿದೆ ಪರಿಗಣಿಸುತ್ತದೆ. ಮತ್ತೊಂದು ಕೇಸಾಗುತ್ತದೆಂದು ಹೆದರಿ ಆಸ್ಪತ್ರೆಗೆ ತರಲು ತಡಮಾಡಬೇಡಿ.

ಚಿಕಿತ್ಸೆ ಎಲ್ಲಿ ಸಿಗುತ್ತದೆ?

ಮನೋರೋಗಕ್ಕೆ ಬೆಂಗಳೂರಿಗೋ ಧಾರವಾಡಕ್ಕೋ ಹೋಗಲೇಬೇಕು ಎಂಬ ಕಾಲ ಈಗಿಲ್ಲ. ಊರಿನ ಹತ್ತಿರವೇ ಚಿಕಿತ್ಸೆ ಕೊಡಬಹುದೆಂದು ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯೇ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮಾಡಿದ ಪ್ರಯೋಗವನ್ನು ಮಾದರಿಯಾಗಿ ಇಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಈಗ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ತಂಡವಿದೆ. 2014ರಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೇ ಬರುವ ಏರ್ಪಾಡಾಗಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ, ಸುಮ್ಮನೆ ಹೋಗಿ ಕಾದು ವಾಪಸು ಬರಬೇಡಿ. ಬಡವರಿಗೆ, ನಿರ್ಗತಿಕರಿಗೆ ಚಿಕಿತ್ಸೆ ಉಚಿತವಾಗಿ ಸಿಗಬೇಕೆಂದು ಕಾಯಿದೆಯಲ್ಲಿದೆ. ಬಿಪಿಎಲ್ ಕಾರ್ಡು ಕೈಯಲ್ಲಿ ಇಲ್ಲದಿದ್ದರೂ ಈ ಹಕ್ಕು ಹೋಗುವುದಿಲ್ಲ. ಜೈಲಿನಿಂದ ಬಂದವರಿಗೆ ಇದು ಮುಖ್ಯ, ಏಕೆಂದರೆ ಅವರ ಕಾಗದಪತ್ರಗಳು ಎಲ್ಲೆಲ್ಲೋ ಚದುರಿರುತ್ತವೆ.

ರಾತ್ರಿ ಹೊತ್ತು ಗಾಬರಿಯಾದರೆ 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸೇವೆ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮನೆಯವರು ಕರೆ ಮಾಡಿದರೂ ಸಲಹೆ ಕೊಡುತ್ತಾರೆ.

ಕೋರ್ಟಿನ ದಿನಾಂಕ ಮತ್ತು ಕಾಯಿಲೆ

ವೈದ್ಯರೂ ವಕೀಲರೂ ಇಬ್ಬರೂ ಹೇಳದೆ ಬಿಡುವ ಒಂದು ವಿಷಯವಿದೆ. ಜಾಮೀನಿನ ಮೇಲೆ ಬಂದವರು ಹೇಳಿದ ದಿನ ನ್ಯಾಯಾಲಯಕ್ಕೆ ಹಾಜರಾಗಬೇಕು. ಔಷಧ ನಿಂತು ಕಾಯಿಲೆ ಮರುಕಳಿಸಿದವರಿಗೆ ದಿನಾಂಕ ನೆನಪಿರುವುದಿಲ್ಲ, ಅಥವಾ ಹೆದರಿ ಮನೆಯಿಂದ ಹೊರಗೇ ಬರುವುದಿಲ್ಲ. ಹಾಜರಾಗದಿದ್ದರೆ ವಾರಂಟು ಹೊರಡುತ್ತದೆ. ಪೊಲೀಸರು ಬಂದಾಗ ರೋಗಿ ಗಾಬರಿಯಿಂದ ಎದುರಾಡಿದರೆ ಇನ್ನೊಂದು ಕೇಸು. ಹೀಗೆ ಮಾತ್ರೆ ತಪ್ಪಿದ್ದರಿಂದಲೇ ಮತ್ತೆ ಒಳಗೆ ಹೋದವರಿದ್ದಾರೆ. ಆದ್ದರಿಂದ ಮಾತ್ರೆಯ ಚೀಟಿ ಮತ್ತು ಕೋರ್ಟಿನ ದಿನಾಂಕ ಎರಡನ್ನೂ ಒಂದೇ ಚೀಲದಲ್ಲಿ ಇಡಿ. ಆ ದಿನ ರೋಗಿ ನಿಜವಾಗಿಯೂ ಬರುವ ಸ್ಥಿತಿಯಲ್ಲಿಲ್ಲದಿದ್ದರೆ ವೈದ್ಯರ ಪ್ರಮಾಣಪತ್ರವನ್ನು ಮೊದಲೇ ವಕೀಲರಿಗೆ ತಲುಪಿಸಿ, ಹಾಜರಾತಿಯಿಂದ ವಿನಾಯಿತಿ ಕೇಳಲು ಹೇಳಿ. ಮುಗಿದ ಮೇಲೆ ಕೊಟ್ಟ ಪ್ರಮಾಣಪತ್ರಕ್ಕೆ ಬೆಲೆ ಕಡಿಮೆ.

ಮನೆಯಲ್ಲಿ ಹೇಗಿರಬೇಕು?

ಜೈಲಿನಲ್ಲಿ ಏಳುವುದು, ಉಣ್ಣುವುದು, ಮಲಗುವುದು ಎಲ್ಲಕ್ಕೂ ಗಂಟೆ ಹೊಡೆಯುತ್ತಾರೆ. ಹೊರಗೆ ಬಂದವರಿಗೆ ದಿನವೇ ಹರಿದುಹೋದಂತೆ ಅನ್ನಿಸುತ್ತದೆ. ಕೆಲವರು ಬಾಗಿಲು ಹಾಕಿಕೊಂಡು ಮೂಲೆಯಲ್ಲಿ ಕೂರುತ್ತಾರೆ, ಕೆಲವರಿಗೆ ಕತ್ತಲಾದರೆ ನಿದ್ದೆ ಬಾರದು. ಒಂದು ಸಣ್ಣ ದಿನಚರಿ ಮಾಡಿಕೊಡಿ. ದನಕ್ಕೆ ನೀರು ತೋರಿಸುವುದು, ಅಂಗಡಿಗೆ ಹೋಗಿ ಬರುವುದು, ಇಂಥದ್ದು ಸಾಕು. 'ಅಲ್ಲಿ ಏನಾಯಿತು' ಎಂದು ಬಂದವರೆಲ್ಲ ಕೆದಕುವುದನ್ನು ತಡೆಯಿರಿ. ಹೇಳಬೇಕೆನಿಸಿದಾಗ ಅವರೇ ಹೇಳುತ್ತಾರೆ. ದಿನವೂ ಹಳೆಯದನ್ನು ಎತ್ತಿ ಬೈಯುವ ಮನೆಯಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ ಎಂಬುದನ್ನು ಮನೋವೈದ್ಯಶಾಸ್ತ್ರ ಬಹಳ ಹಿಂದೆಯೇ ಕಂಡುಕೊಂಡಿದೆ.

ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂಬ ಸಲಹೆ ಹಿರಿಯರಿಂದ ಬಂದೇ ಬರುತ್ತದೆ. ಅದು ಔಷಧವಲ್ಲ, ಇನ್ನೊಂದು ಮನೆಯ ಹೆಣ್ಣುಮಗಳಿಗೆ ಮಾಡುವ ಅನ್ಯಾಯ. ಕಾಯಿಲೆ ಹತೋಟಿಗೆ ಬಂದ ಮೇಲೆ, ಎಲ್ಲವನ್ನೂ ಹೇಳಿ, ಒಪ್ಪಿದರೆ ಮದುವೆಯ ಮಾತು. ರೋಗಿ ಉದ್ರೇಕಗೊಂಡರೆ ಸರಪಳಿ ಹಾಕಿ ಕಟ್ಟುವುದು ಕಾಯಿದೆಯಲ್ಲಿ ನಿಷಿದ್ಧ. ದೇವರ ಗುಡಿಯಲ್ಲಾಗಲಿ ಬೇರೆಲ್ಲಾಗಲಿ ಕಟ್ಟಿ ಹಾಕಿ ಬರಬೇಡಿ. ಹರಕೆ ಇದ್ದರೆ ತೀರಿಸಿ, ಮಾತ್ರೆಯನ್ನೂ ಕೊಡಿ.

ಹೆಣ್ಣುಮಕ್ಕಳ ಕಷ್ಟ ಇನ್ನೂ ಹೆಚ್ಚು. ಗಂಡಸು ಬಂದರೆ ಮನೆಯಲ್ಲಿ ಜಾಗವಿರುತ್ತದೆ, ಹೆಂಗಸು ಬಂದರೆ ಗಂಡನ ಮನೆಯೂ ಇಲ್ಲ, ತವರೂ ಇಲ್ಲ ಎನ್ನುವಂತಾಗುತ್ತದೆ. ಚಿಕಿತ್ಸೆಗೆ ಅವರನ್ನು ಯಾರು ಕರೆತರಬೇಕು? ಒಬ್ಬ ಅಕ್ಕ, ಒಬ್ಬ ಚಿಕ್ಕಮ್ಮ, ಸ್ತ್ರೀಶಕ್ತಿ ಸಂಘದ ಒಬ್ಬ ಗೆಳತಿ ಜೊತೆ ಬಂದರೂ ನಾವು ನೋಡುತ್ತೇವೆ.

ಮನೆಯವರೇ ಇಲ್ಲದೆ, ಕಾಯಿಲೆಯೊಂದಿಗೆ ಬಸ್‌ನಿಲ್ದಾಣದಲ್ಲೋ ಸಂತೆಯಲ್ಲೋ ಅಲೆಯುವವರೂ ಇದ್ದಾರೆ. ಅಂಥವರನ್ನು ಕಂಡರೆ 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಠಾಣೆಗೆ ತಿಳಿಸಿ. 2017ರ ಕಾಯಿದೆಯ 100ನೇ ಕಲಮಿನ ಪ್ರಕಾರ ಪೊಲೀಸರು ಅವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು. ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಅವರನ್ನು ಇಡುವಂತಿಲ್ಲ.